ಹೇಮಕೂಟದಲ್ಲಿ ಕಣ್ಣು ಕಿರಿದು ಮಾಡಿ

ಚಳಿಗಾಲದ ಬೆಳಗು. ಹಂಪಿಯ ಹೇಮಕೂಟದ ಹಾಸುಬಂಡೆ ಇನ್ನೂ ಕಾದಿಲ್ಲ. ಚಿತ್ರಕಲಾ ಶಾಲೆಯ ಹುಡುಗ ಹುಡುಗಿಯರು ತೊಡೆಯ ಮೇಲೆ ಬೋರ್ಡು ಇಟ್ಟುಕೊಂಡು ಬಡಗಣಕ್ಕೆ ಮುಖ ಮಾಡಿ ಕೂತಿದ್ದಾರೆ. ಕೆಳಗೆ ವಿರೂಪಾಕ್ಷನ ಗೋಪುರ, ಅದರಾಚೆ ತುಂಗಭದ್ರೆ, ಹೊಳೆಯಾಚೆ ಆನೆಗೊಂದಿಯ ಗುಡ್ಡಗಳು. ಒಬ್ಬಳು ಆಗಲೇ ಸಣ್ಣ ಬ್ರಷ್ ಹಿಡಿದು ಗೋಪುರದ ಶಿಲ್ಪಗಳನ್ನು ಒಂದೊಂದಾಗಿ ತಿದ್ದುತ್ತಿದ್ದಾಳೆ. ಹಿಂದೆ ಬಂದು ನಿಂತ ಮೇಷ್ಟ್ರು, “ಏನಮ್ಮಾ, ಗೋಪುರ ಬರೀತಿದೀಯೋ, ಗೊಂಬೆ ಎಣಿಸ್ತಿದೀಯೋ?” ಎನ್ನುತ್ತಾರೆ. “ಕಣ್ಣು ಸಣ್ಣ ಮಾಡಿ ನೋಡು.”

ಅರೆಗಣ್ಣಿನಲ್ಲಿ ನೋಡಿದರೆ ಗೊಂಬೆಗಳೆಲ್ಲ ಮಾಯ. ಉಳಿಯುವುದು ಮೂರೇ: ಆಕಾಶದ ಬೆಳಕು, ಗುಡ್ಡಗಳ ನಡುಬಣ್ಣ, ಬಂಡೆಗಳ ಎಡ ಮಗ್ಗುಲಿನ ಗಾಢ ನೆರಳು. ಮೇಷ್ಟ್ರು ಹಾಳೆಯ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಚೌಕ ಎಳೆದು ಈ ಮೂರನ್ನೇ ಪೆನ್ಸಿಲ್ಲಿನಲ್ಲಿ ತುಂಬಿಸುತ್ತಾರೆ. ಅಷ್ಟು ಜಾಗದಲ್ಲಿ ನಿಲ್ಲದ ಚಿತ್ರ ದೊಡ್ಡ ಹಾಳೆಯಲ್ಲೂ ನಿಲ್ಲುವುದಿಲ್ಲ. ನೆರಳು ಯಾವ ಕಡೆಗೆ ಬಿದ್ದಿದೆ ಎಂಬುದನ್ನೂ ಆಗಲೇ ಗುರುತು ಹಾಕಿಬಿಡಬೇಕು. ಸೂರ್ಯ ಯಾರಿಗೂ ಕಾಯುವುದಿಲ್ಲ. ಓಡುವ ನೆರಳಿನ ಹಿಂದೆ ಬಿದ್ದವನ ಬಂಡೆಗೆ ಎರಡು ಕಡೆಯಿಂದ ಬಿಸಿಲು ಹೊಡೆದಿರುತ್ತದೆ.

ಈಗ ನೀರಿನ ಕೆಲಸ. ಆಕಾಶದ ವಾಷ್, ಅಂದರೆ ನೀರಾದ ಬಣ್ಣದ ತೆಳು ಬಳಿತ, ಇನ್ನೂ ಹಸಿಯಿರುವಾಗಲೇ ಆನೆಗೊಂದಿಯ ಗುಡ್ಡಗಳನ್ನು ತೆಳು ಅಲ್ಟ್ರಾಮರೀನ್‌ನಲ್ಲಿ, ಚೂರು ಕಂದು ಬೆರೆಸಿ ಬಿಡಬೇಕು. ಅಂಚು ಹರಡಲಿ. ನಡುವಿನ ಗಾಳಿ, ದೂಳು, ಮಂಜು ದೂರದ್ದನ್ನು ನೀಲಿಯಾಗಿಸಿ ಮಸುಕುಗೊಳಿಸುತ್ತದೆ. ಅಲ್ಲಿ ಕಲ್ಲು ಕಲ್ಲಿಗೂ ಗೆರೆ ಎಳೆದರೆ ಗುಡ್ಡ ಮೂಗಿನ ತುದಿಗೆ ಬರುತ್ತದೆ. ಕೆ. ವೆಂಕಟಪ್ಪನವರು (1886–1965) ಬರೆದ ಊಟಿಯ ಜಲವರ್ಣಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹತ್ತಿರದ ಬಂಡೆಗೆ ಬರ್ಂಟ್ ಸಿಯೆನಾ. ಅದರ ನೆರಳಿಗೆ ಟ್ಯೂಬಿನ ಕಪ್ಪು ಬೇಡ, ಅದೇ ಕಂದಿಗೆ ಅಲ್ಟ್ರಾಮರೀನ್ ಕೂಡಿಸಿದರೆ ಉಸಿರಾಡುವ ಬೂದು ಸಿಗುತ್ತದೆ. ಬಿಸಿಲು ತಾಗಿದ ಅಂಚಿಗೆ ಹಾಳೆಯ ಬಿಳಿಯೇ ಸಾಕು, ಅಲ್ಲಿ ಬ್ರಷ್ ಮುಟ್ಟಿಸಬಾರದು. ಹಂಪಿಯ ಚಿತ್ರಗಳು ಹೆಚ್ಚಾಗಿ ಕೆಡುವುದು ಬಾಳೆತೋಟದಲ್ಲಿ ಎಂದು ನನ್ನ ಅನಿಸಿಕೆ. ಟ್ಯೂಬಿನಿಂದ ನೇರ ಬಂದ ಹಸಿರು ಅರಚುತ್ತದೆ. ಹಳದಿ, ನೀಲಿ ಕಲಸಿ, ಒಂದು ತೊಟ್ಟು ಕೆಂಪು ಹಾಕಿ ಅದರ ಬಾಯಿ ಕಟ್ಟಬೇಕು. ಮೊಬೈಲಿನಲ್ಲಿ ಫೋಟೊ ಹಿಡಿದು ಮನೆಗೆ ಹೋಗಿ ಬರೆಯುತ್ತೇನೆ ಎನ್ನುವವರಿಗೆ ಒಂದು ಮಾತು: ಕಣ್ಣಿಗೆ ನೇರಳೆಯಾಗಿ ಕಂಡ ನೆರಳು ಆ ಫೋಟೊದಲ್ಲಿ ಬರೀ ಕಪ್ಪಾಗಿರುತ್ತದೆ.

ಹೊತ್ತು ನೆತ್ತಿಗೇರಿದಾಗ ನೆರಳು ಸಾಯುತ್ತದೆ, ತಂಡ ಲಾಡ್ಜಿಗೆ ಇಳಿಯುತ್ತದೆ. ಕಿಟಕಿ ಪಕ್ಕದ ಸ್ಟೂಲಿನ ಮೇಲೆ ನೀಲಿ ಬಟ್ಟೆ, ತಾಮ್ರದ ಚೊಂಬು, ಎರಡು ಬದನೆಕಾಯಿ, ಹೆಚ್ಚಿದ ನಿಂಬೆಹಣ್ಣು. ಮೇಷ್ಟ್ರು ಮೊದಲು ಟ್ಯೂಬ್‌ಲೈಟ್ ಆರಿಸುತ್ತಾರೆ. ಎರಡು ಬೆಳಕಿದ್ದರೆ ಎರಡು ನೆರಳು, ದುಂಡುತನ ಹಾಳು. ಇಲ್ಲೂ ಅದೇ ಅರೆಗಣ್ಣು. ಚೊಂಬಿನ ಬಾಯಿಯನ್ನು ಅಂಡಾಕಾರವಾಗಿ ಬರೆದ ಹುಡುಗ ತಳವನ್ನು ಸ್ಕೇಲಿಟ್ಟಂತೆ ಎಳೆದಿದ್ದಾನೆ. ಮೇಲಿನಿಂದ ನೋಡುವಾಗ ತಳದ ಬಾಗು ಬಾಯಿಯದಕ್ಕಿಂತ ಹೆಚ್ಚು ತುಂಬಿಕೊಂಡಿರಬೇಕು. ಚೊಂಬು, ಬದನೆಯ ಬದಲು ಅವೆರಡರ ನಡುವಿನ ಸಂದಿನ ಆಕಾರವನ್ನು ನೋಡಿ ಬರೆದರೆ ಅಳತೆ ತಾನಾಗಿ ಕೂಡಿಬರುತ್ತದೆ.

ಬದನೆಕಾಯಿಯ ಮೈಮೇಲೆ ಕಿಟಕಿಯದೊಂದು ಹೊಳಪು, ಅದನ್ನು ಬಿಟ್ಟು ಉಳಿದದ್ದೆಲ್ಲ ಬಣ್ಣ. ಬಟ್ಟೆಯನ್ನು ಅದು ಮುಟ್ಟುವಲ್ಲಿ ನೆರಳು ಅತಿ ಗಾಢ, ದೂರ ಸರಿದಂತೆ ಮೆದು. ಕಪ್ಪು ಮಗ್ಗುಲು ನೆರಳಿನಲ್ಲಿ ಬೆರೆಯುವ ಕಡೆ ಅಂಚನ್ನು ಕಳೆದುಬಿಡಬೇಕು. ತಾಮ್ರದ ಹೊಟ್ಟೆಯಲ್ಲಿ ನಿಂಬೆಯ ಹಳದಿ ಇಣುಕುತ್ತಿದ್ದರೆ ಅದನ್ನೂ ಬಿಡಬೇಡಿ, ವಸ್ತುಗಳು ಒಂದಕ್ಕೊಂದು ಅಂಟಿಕೊಳ್ಳುವುದು ಅದರಿಂದಲೇ.

ಕೈ ಸುಧಾರಿಸಬೇಕೆನ್ನುವವರು ಒಂದೇ ಬದನೆಕಾಯಿಯನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೇ ಬಣ್ಣದಲ್ಲಿ ಬರೆದು ನೋಡಿ. ದುಡ್ಡು ಹಾಕುವುದಾದರೆ ಇಪ್ಪತ್ತನಾಲ್ಕು ಬಣ್ಣದ ಡಬ್ಬಿಗಲ್ಲ, 300 ಜಿಎಸ್‌ಎಂನ ದಪ್ಪ ಕಾಗದಕ್ಕೆ ಹಾಕಿ. ತೆಳು ಹಾಳೆ ಮೊದಲ ವಾಷಿಗೇ ಸುಕ್ಕುಗಟ್ಟುತ್ತದೆ.