ನಿಮಗಿದು ಗೊತ್ತೆ? ಬರೆದ ಉತ್ತರವನ್ನೇ ಅಳಿಸುವ ಚಾಟ್‌ಬಾಟ್

ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇಗುಲವನ್ನು 1112ರಲ್ಲಿ ಕಟ್ಟಿಸಿದವನು ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಇದನ್ನು ಯಾವ ಎಐ ಚಾಟ್‌ಬಾಟ್‌ನ ಬಳಿಯೂ ಕೇಳಬಹುದು. ಯಾರ ತಕರಾರೂ ಇಲ್ಲ. ಆದರೆ ಸೇನೆ ಪ್ರತಿಭಟನಕಾರರನ್ನು ಹತ್ತಿಕ್ಕಿದ 1989ರ ಜೂನ್ 4ರಂದು ಬೀಜಿಂಗ್‌ನ ತಿಯಾನನ್ಮೆನ್ ಚೌಕದಲ್ಲಿ ಏನಾಯಿತು ಎಂದು ಚೀನಾದ ಡೀಪ್‌ಸೀಕ್ ಆ್ಯಪನ್ನು 2025ರ ಜನವರಿಯಲ್ಲಿ ಕೇಳಿದವರಿಗೆ ಸಿಕ್ಕಿದ್ದು ‘ಬೇರೆ ವಿಷಯ ಮಾತಾಡೋಣ’ ಎಂಬರ್ಥದ ಜಾರಿಕೆ. ಕೆಲವೊಮ್ಮೆ ಸೂಕ್ಷ್ಮ ಪ್ರಶ್ನೆಗೆ ಅರ್ಧ ಉತ್ತರ ಪರದೆಯಲ್ಲಿ ಮೂಡಿ, ಕಣ್ಣೆದುರೇ ಮಾಯವಾಗುತ್ತಿತ್ತು! ಚೀನಾ ತನ್ನದೆನ್ನುವ ಅರುಣಾಚಲದ ಬಗ್ಗೆ ಕೇಳಿದ ಭಾರತೀಯರಿಗೂ ಇದೇ ಅನುಭವ.

ಕಾರಣ ಎರಡು ಪದರದ ಕಾವಲು. ಒಂದು, ತರಬೇತಿಯಲ್ಲೇ ಕಲಿಸಿದ ಮೌನ. ಇನ್ನೊಂದು, ಬರೆದ ಮೇಲೆ ಅಳಿಸುವ ಆ್ಯಪ್‌ನ ಜರಡಿ. ಎಐ ಉತ್ತರಗಳು ಸಮಾಜವಾದಿ ಮೌಲ್ಯಗಳಿಗೆ ಬದ್ಧವಾಗಿರಬೇಕೆಂಬ ನಿಯಮ ಚೀನಾದಲ್ಲಿ 2023ರ ಆಗಸ್ಟ್‌ನಿಂದ ಜಾರಿಯಲ್ಲಿದೆ.

ನಮ್ಮಲ್ಲೇನು ಮುಚ್ಚಿಟ್ಟ ಇತಿಹಾಸವಿಲ್ಲವೆ? ಇದೆ. ಕೊಪ್ಪಳ ಸೀಮೆಯೂ ಸೇರಿದ್ದ ನಿಜಾಮ್ ಸಂಸ್ಥಾನ 1948ರ ಸೆಪ್ಟೆಂಬರ್‌ನಲ್ಲಿ ಭಾರತದ ವಶವಾಯಿತು. ಆಗ ನಡೆದ ಕಗ್ಗೊಲೆಗಳ ಬಗ್ಗೆ ಪಂಡಿತ್ ಸುಂದರಲಾಲ್ ಸಮಿತಿ ಸರ್ಕಾರಕ್ಕೆ ಕೊಟ್ಟ ವರದಿ ದಶಕಗಳ ಕಾಲ ಕಡತದಲ್ಲೇ ಉಳಿಯಿತು. ಪ್ರಕಟವಾಗದ್ದನ್ನು ಯಾವ ಚಾಟ್‌ಬಾಟೂ ಓದಿರಲಾರದು. ಆದರೆ ಆ ವರದಿ 2013ರಲ್ಲಿ ದಿಲ್ಲಿಯ ಅಂದಿನ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಸಾರ್ವಜನಿಕರಿಗೆ ಓದಲು ಸಿಕ್ಕಿತು.