ಸಣ್ಣ ಉದ್ಯಮದ ವರಮಾನ ವೃದ್ಧಿ: ಚನ್ನಪಟ್ಟಣದ ಆಟಿಕೆಗಳ ನಿದರ್ಶನ

ಖರ್ಚು ಕಳೆಯುವ ಮುನ್ನ ಮಾರಾಟದಿಂದ ಬರುವ ಒಟ್ಟು ಹಣವನ್ನು ವರಮಾನವೆಂದೂ, ಖರ್ಚು ಕಳೆದು ಉಳಿಯುವುದನ್ನು ಲಾಭವೆಂದೂ ಕರೆಯಲಾಗುತ್ತದೆ. ಗಿರಾಕಿಗಳ ಸಂಖ್ಯೆ, ಗಿರಾಕಿಯೊಬ್ಬ ಒಂದು ಸಲಕ್ಕೆ ಕೊಳ್ಳುವ ಸರಕಿನ ಸರಾಸರಿ ಮೊತ್ತ ಮತ್ತು ಆತ ವರ್ಷದಲ್ಲಿ ಎಷ್ಟು ಸಲ ಕೊಳ್ಳುತ್ತಾನೆ ಎಂಬ ಮೂರು ಅಂಶಗಳನ್ನು ಗುಣಿಸಿದರೆ ಉದ್ಯಮದ ವರಮಾನ ದೊರೆಯುತ್ತದೆ. ಈ ಮೂರೂ ಶೇ. 10ರಷ್ಟು ಹೆಚ್ಚಿದರೆ ವರಮಾನವು ಶೇ. 33ರಷ್ಟು ಏರುವುದರಿಂದ, ಹೊಸ ಗಿರಾಕಿಗಳನ್ನು ಹುಡುಕುವುದೊಂದೇ ಬೆಳವಣಿಗೆಯ ದಾರಿಯೆಂಬ ಸಾಮಾನ್ಯ ತಿಳಿವಳಿಕೆ ಅಪೂರ್ಣವಾದುದು.

ಕೈಕೆಲಸವನ್ನು ನೆಚ್ಚಿದ ಉದ್ಯಮಗಳಲ್ಲಿ ಎರಡನೆಯ ಅಂಶಕ್ಕೆ ವಿಶೇಷ ಮಹತ್ವವಿದೆ. ಚನ್ನಪಟ್ಟಣದಲ್ಲಿ ಆಲೆ ಮರದ ತುಂಡನ್ನು ಲೇತ್‌ನಲ್ಲಿ ತಿರುಗಿಸಿ ಆಕಾರ ಕೊಟ್ಟು, ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದಾಗ ಘರ್ಷಣೆಯ ಕಾವಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಅನಂತರ ತಾಳೆಗರಿಯಿಂದ ಉಜ್ಜಿ ಹೊಳಪು ತರಲಾಗುತ್ತದೆ. ಯಂತ್ರದ ಅಚ್ಚಿನಲ್ಲಿ ತಯಾರಾಗುವ ಪ್ಲಾಸ್ಟಿಕ್ ಆಟಿಕೆಯೊಡನೆ ಇಂಥ ವಸ್ತುವು ಅಗ್ಗದ ಬೆಲೆಯಲ್ಲಿ ಸ್ಪರ್ಧಿಸಲಾರದು. ಆದರೆ ಮಗುವಿನ ವಯಸ್ಸಿಗೆ ತಕ್ಕ ಕಲಿಕೆಯ ಆಟಿಕೆ, ಮನೆಯ ಅಲಂಕಾರ ಸಾಮಗ್ರಿ, ಉಡುಗೊರೆಯ ಪೆಟ್ಟಿಗೆ ಮುಂತಾದ ರೂಪಗಳಲ್ಲಿ ಅದೇ ಕೌಶಲಕ್ಕೆ ಹೆಚ್ಚಿನ ಮೌಲ್ಯ ದೊರಕಿಸಬಹುದು. ಒಂದು ಪ್ರದೇಶದ ಹೆಸರನ್ನು ಅಲ್ಲಿನ ವಿಶಿಷ್ಟ ಉತ್ಪನ್ನಕ್ಕೆ ಮೀಸಲಿಡುವ ಕಾನೂನು ರಕ್ಷಣೆಯಾದ ಭೌಗೋಳಿಕ ಸೂಚಿಕೆಯನ್ನು ಈ ಆಟಿಕೆಗಳು ಪಡೆದಿರುವುದರಿಂದ, ಅಸಲಿ ಸರಕನ್ನು ನಕಲಿಯಿಂದ ಬೇರ್ಪಡಿಸಿ ಮಾರಲು ತಯಾರಕರಿಗೆ ಆಧಾರವೊಂದಿದೆ.

ಮನೆಮಂದಿಯ ದುಡಿಮೆ, ಹಾಳಾದ ಸರಕು, ಉಪಕರಣಗಳ ಸವಕಳಿ ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೆಯೇ ಬೆಲೆ ಗೊತ್ತುಪಡಿಸಬೇಕು. 80 ರೂಪಾಯಿ ಅಸಲು ಬೀಳುವ ವಸ್ತುವನ್ನು 100ರ ಬದಲು 90 ರೂಪಾಯಿಗೆ ಮಾರಿದರೆ ಗಿಟ್ಟುವ ಹಣ 20ರಿಂದ 10ಕ್ಕೆ ಇಳಿಯುತ್ತದೆ. ಮೊದಲಿನಷ್ಟೇ ಗಳಿಸಬೇಕಾದರೆ ಮಾರಾಟ ಇಮ್ಮಡಿಯಾಗಬೇಕು. ಆದ್ದರಿಂದ ಲೆಕ್ಕವಿಲ್ಲದ ರಿಯಾಯಿತಿಯು ವರಮಾನವನ್ನು ಹಿಗ್ಗಿಸಿದಂತೆ ಕಂಡರೂ ಕಸುಬನ್ನು ಸೊರಗಿಸುತ್ತದೆ.

ಮಾರಿದ ಸರಕಿನ ಹಣ ಕೈಸೇರದಿದ್ದರೆ ಮುಂದಿನ ಕಚ್ಚಾಸಾಮಗ್ರಿಗೆ ಬಂಡವಾಳವಿಲ್ಲದೆ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಸರಕು ಅಥವಾ ಸೇವೆ ಪಡೆದವರು ಲಿಖಿತ ಒಪ್ಪಂದವಿದ್ದರೂ 45 ದಿನಗಳನ್ನು ಮೀರದಂತೆ, ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಹಣ ಪಾವತಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಈ ಹಕ್ಕನ್ನು ಚಲಾಯಿಸಲು ತಯಾರಕರು ಸರಕಾರದ ಉದ್ಯಮ್ ನೋಂದಣಿ ಮಾಡಿಸಿಕೊಂಡು, ಪ್ರತಿ ಮಾರಾಟಕ್ಕೂ ದಿನಾಂಕವಿರುವ ಬಿಲ್ ನೀಡುವುದು ಅಗತ್ಯ.

ಹೊಸ ಸಾಲ ಪಡೆದು ಅಂಗಡಿಯನ್ನು ವಿಸ್ತರಿಸುವ ಮುನ್ನ ಪ್ರತಿಯೊಬ್ಬ ಸಣ್ಣ ಉದ್ಯಮಿಯೂ ಹಳೆಯ ಗಿರಾಕಿಗಳ ಪಟ್ಟಿ, ಪ್ರತಿ ವಸ್ತುವಿನ ಅಸಲು ವೆಚ್ಚ ಮತ್ತು ಬರಬೇಕಾದ ಬಾಕಿ, ಈ ಮೂರನ್ನು ಬರೆದಿಟ್ಟು ಪರಿಶೀಲಿಸಬೇಕು.