ಕಚೇರಿಯ ಇಂಟರ್‌ನೆಟ್ ದೂರವಾಣಿ: ಆಯ್ಕೆ ಮತ್ತು ದೋಷಪರೀಕ್ಷೆ

1876ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರಿಗೆ ದೂರವಾಣಿಯ ಪೇಟೆಂಟ್ ದೊರೆತಂದಿನಿಂದ ಆ ಉಪಕರಣದ ಹೊರರೂಪ ಹಲವು ಬಾರಿ ಬದಲಾಯಿತು. ಆದರೆ ಮಾತು ವಿದ್ಯುತ್ತಿನ ಅಲೆಯಾಗಿ ತಾಮ್ರದ ತಂತಿಯಲ್ಲಿ ಹರಿದುಹೋಗುವ ಮೂಲತತ್ತ್ವ ಬಹುಕಾಲ ಹಾಗೆಯೇ ಉಳಿಯಿತು. ಇಂದು ಶಾಲೆ, ಬ್ಯಾಂಕು, ಆಸ್ಪತ್ರೆಗಳ ಮೇಜಿನ ಮೇಲೆ ಕಾಣುವ ಇಂಟರ್‌ನೆಟ್ ದೂರವಾಣಿ ನೋಟಕ್ಕೆ ಹಳೆಯದನ್ನೇ ಹೋಲುತ್ತದೆಯಾದರೂ ಒಳಗೆ ಅದೊಂದು ಪುಟ್ಟ ಕಂಪ್ಯೂಟರ್. ಈ ಭೇದವನ್ನು ಅರಿತು ಕೊಂಡರೆ ಅದು ಬಹುಕಾಲದ ಸೇವಕ. ಅರಿಯದೆ ಕೊಂಡರೆ ಅವಸರದ ವೇಳೆಯಲ್ಲಿಯೇ ಕೈಕೊಡುವ ವಸ್ತು.

ಈ ದೂರವಾಣಿಯು ಆಡಿದ ಮಾತನ್ನು ಸೆಕೆಂಡಿಗೆ 8000 ಬಾರಿ ಅಳೆದು ಅಂಕಿಗಳನ್ನಾಗಿ ಮಾಡುತ್ತದೆ. ಆ ಅಂಕಿಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 50 ಕಿರುಪೊಟ್ಟಣಗಳಂತೆ ಕಟ್ಟಿ ಕಳುಹಿಸುತ್ತದೆ. ಪೊಟ್ಟಣದ ಮೇಲಿನ ವಿಳಾಸಗಳೂ ಸೇರಿ ಒಂದು ಕರೆಗೆ ಒಂದೊಂದು ದಿಕ್ಕಿನಲ್ಲಿ ಸುಮಾರು 90 ಕಿಲೋಬಿಟ್ ಸಾಕು. ಹತ್ತು ಜನ ಏಕಕಾಲದಲ್ಲಿ ಮಾತನಾಡಿದರೂ ಒಂದು ಮೆಗಾಬಿಟ್ ತುಂಬುವುದಿಲ್ಲ. ಆದುದರಿಂದ ಮುಖ್ಯವಾದುದು ಸಂಪರ್ಕದ ವೇಗಕ್ಕಿಂತಲೂ ಅದರ ನಿಯತತೆ. ಪೊಟ್ಟಣವು ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಸಂಭಾಷಣೆ ಸರಾಗವಾಗಿರುತ್ತದೆ. ಕೆಲವು ತಡವಾಗಿ ಬಂದು ಕೆಲವು ಕಳೆದುಹೋದರೆ ಮಾತು ತುಂಡುತುಂಡಾಗುತ್ತದೆ.

ಇನ್ನು ವಿದ್ಯುತ್ತಿನ ವಿಷಯ. ಹಳೆಯ ದೂರವಾಣಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ಸುಮಾರು 48 ವೋಲ್ಟ್ ವಿದ್ಯುತ್ತು ತಂತಿಯ ಮೂಲಕ ಬರುತ್ತಿತ್ತು. ಊರಿನಲ್ಲೆಲ್ಲ ಕರೆಂಟು ಹೋದರೂ ಅದು ಮೊಳಗುತ್ತಿದ್ದುದರ ರಹಸ್ಯ ಇದೇ. ಹೊಸದಕ್ಕೆ ಆ ಭಾಗ್ಯವಿಲ್ಲ. 2003ರಲ್ಲಿ ರೂಪುಗೊಂಡ ಮಾನಕದ ಪ್ರಕಾರ ನೆಟ್‌ವರ್ಕ್ ಕೇಬಲಿನಲ್ಲಿಯೇ 15.4 ವ್ಯಾಟ್‌ವರೆಗೆ ವಿದ್ಯುತ್ತನ್ನು ಒದಗಿಸುವ ಸ್ವಿಚ್ಚುಗಳಿವೆ. ಇವುಗಳಿದ್ದಲ್ಲಿ ಪ್ರತಿ ಫೋನಿಗೂ ಪ್ರತ್ಯೇಕ ಅಡಾಪ್ಟರ್ ಬೇಕಿಲ್ಲ. ಕೇಬಲ್ ಮಾತ್ರ 100 ಮೀಟರ್ ಮೀರಬಾರದು. ಆದರೆ ಸ್ವಿಚ್, ರೌಟರ್, ಫೈಬರ್ ಪೆಟ್ಟಿಗೆ ಈ ಮೂರಕ್ಕೂ ಯು.ಪಿ.ಎಸ್. ಆಧಾರವಿರಬೇಕು. ಒಂದಕ್ಕೆ ಇಲ್ಲದಿದ್ದರೂ ಉಳಿದೆರಡಕ್ಕೆ ಇರುವುದು ವ್ಯರ್ಥವೇ ಸರಿ.

ಫೋನು ಕೆಟ್ಟಿತೆಂಬ ದೂರು ಬಂದಾಗ ಹೊಸದನ್ನು ತರಿಸುವ ಮುನ್ನ ಕ್ರಮವಾಗಿ ಪರೀಕ್ಷಿಸುವುದು ಲೇಸು. ಪರದೆಯಲ್ಲಿ ಬೆಳಕೇ ಇಲ್ಲವಾದರೆ ದೋಷ ಬಹುಶಃ ಕೇಬಲಿನಲ್ಲಿ ಇಲ್ಲವೆ ಸ್ವಿಚ್ಚಿನಲ್ಲಿ. ಸರಿಯಾಗಿರುವ ಫೋನನ್ನು ಆ ಸ್ಥಳಕ್ಕೂ, ಕೆಟ್ಟಿತೆಂಬುದನ್ನು ಸರಿಯಾಗಿರುವ ಸ್ಥಳಕ್ಕೂ ಅದಲುಬದಲು ಮಾಡಿ ನೋಡಿದರೆ ತಪ್ಪು ಫೋನಿನದೋ ಹಾದಿಯದೋ ತಿಳಿದುಬಿಡುತ್ತದೆ. ಇದಕ್ಕೆ ತಂತ್ರಜ್ಞನೇ ಬರಬೇಕೆಂದಿಲ್ಲ. ಬೆಳಕಿದ್ದೂ ನೋಂದಣಿ ಆಗಿಲ್ಲವೆಂದು ತೋರಿದರೆ ಗುಪ್ತಪದವನ್ನೂ ಸರ್ವರಿನ ವಿಳಾಸವನ್ನೂ ಪರಿಶೀಲಿಸಬೇಕು.

ಗಂಟೆ ಮೊಳಗಿ, ಒಬ್ಬರ ಮಾತು ಮಾತ್ರ ಇನ್ನೊಬ್ಬರಿಗೆ ಕೇಳುವುದು ಬಹು ಸಾಮಾನ್ಯವಾದ ತೊಡಕು. ಕರೆಯನ್ನು ಜೋಡಿಸುವ ಸಂದೇಶ ಒಂದು ಹಾದಿಯಲ್ಲಿಯೂ, ಮಾತು ಮತ್ತೊಂದು ಹಾದಿಯಲ್ಲಿಯೂ ಸಾಗುವುದರಿಂದ ಹೀಗಾಗುತ್ತದೆ. ರೌಟರ್ ವಿಳಾಸಗಳನ್ನು ಬದಲಿಸುವಾಗ ಮಾತಿನ ಹಾದಿ ತಪ್ಪಿರುತ್ತದೆ. ರೌಟರಿನಲ್ಲಿ ‘ಸಿಪ್ ಎ.ಎಲ್.ಜಿ.’ ಎಂಬ ಸೌಲಭ್ಯವಿದ್ದರೆ ಅದನ್ನು ನಿಲ್ಲಿಸಿದಾಗ ಎಷ್ಟೋ ಸಲ ಇದು ಸರಿಹೋಗುತ್ತದೆ. ಪ್ರತಿ ಕರೆಯೂ ಸುಮಾರು 32 ಸೆಕೆಂಡಿಗೆ ಕಡಿದುಹೋಗುತ್ತಿದ್ದರೆ, ಕರೆ ಸ್ವೀಕೃತವಾದುದರ ಉತ್ತರ ಮರಳಿ ತಲುಪುತ್ತಿಲ್ಲವೆಂದು ಊಹಿಸಬಹುದು. ಇಲ್ಲಿಯೂ ನೋಡಬೇಕಾದುದು ರೌಟರನ್ನೇ. ಕಂಪ್ಯೂಟರ್ ಕೊಠಡಿಯಲ್ಲಿ ಪಾಠ ನಡೆಯುವಾಗ ಮಾತ್ರ ಧ್ವನಿ ತುಂಡಾಗುತ್ತಿದ್ದರೆ, ಸ್ವಿಚ್ಚಿನಲ್ಲಿಯೂ ರೌಟರಿನಲ್ಲಿಯೂ ಮಾತಿನ ಪೊಟ್ಟಣಗಳಿಗೆ ಅಗ್ರಸ್ಥಾನ ಕೊಡಿಸುವುದೇ ಪರಿಹಾರ.

ಆಯ್ಕೆಯಲ್ಲಿ ಮೊದಲು ಗಮನಿಸಬೇಕಾದುದು ಭಾಷೆ. 1999ರಲ್ಲಿ ಪ್ರಕಟವಾಗಿ 2002ರಲ್ಲಿ ಪರಿಷ್ಕೃತವಾದ ‘ಸಿಪ್’ ಎಂಬ ಮುಕ್ತ ನಿಯಮಾವಳಿಯನ್ನು ಅನುಸರಿಸುವ ಫೋನುಗಳು ಹಲವು ತಯಾರಕರ ವ್ಯವಸ್ಥೆಗಳೊಡನೆ ಹೊಂದಿಕೊಳ್ಳುತ್ತವೆ. ಕೆಲವು ಫೋನುಗಳಾದರೋ ತಮ್ಮ ತಯಾರಕರ ಎಕ್ಸ್‌ಚೇಂಜಿಗಲ್ಲದೆ ಅನ್ಯಕ್ಕೆ ಓಗೊಡುವುದಿಲ್ಲ. ದೊಡ್ಡ ಕಚೇರಿಗಳು ಬದಲಿಸಿದ ಹಳೆಯ ಫೋನುಗಳು ಅಗ್ಗವಾಗಿ ಅಥವಾ ಉಚಿತವಾಗಿ ದೊರೆತಾಗ ಇದನ್ನು ವಿಚಾರಿಸಿಯೇ ಸ್ವೀಕರಿಸಬೇಕು. ಕಂಪ್ಯೂಟರನ್ನು ಫೋನಿನ ಮೂಲಕವೇ ಜೋಡಿಸುವುದಾದರೆ, 100 ಮೆಗಾಬಿಟ್ಟಿನ ಫೋನು ಆ ಕಂಪ್ಯೂಟರಿನ ವೇಗವನ್ನೂ ಅಷ್ಟಕ್ಕೇ ಇಳಿಸುತ್ತದೆಂಬುದು ನೆನಪಿರಲಿ. ದೊಡ್ಡ ಪರದೆಯ ಫೋನು ಸ್ವಾಗತದ ಮೇಜಿಗೆ ಸಾಕು. ತರಗತಿಗೂ ಉಗ್ರಾಣಕ್ಕೂ ಸಾದಾ ಫೋನೇ ಯೋಗ್ಯ. ತಯಾರಕರು ಕೊಟ್ಟ ಗುಪ್ತಪದವನ್ನು ಮೊದಲ ದಿನವೇ ಬದಲಿಸಿ, ಬೇಡವಾದ ವಿದೇಶೀ ಕರೆಗಳನ್ನು ತಡೆಯಬೇಕು. ಇಲ್ಲವಾದರೆ ಅಪರಿಚಿತರು ರಾತ್ರೋರಾತ್ರಿ ಹೊರದೇಶಗಳಿಗೆ ಕರೆಮಾಡಿ ಭಾರಿ ಬಿಲ್ಲನ್ನು ಸಂಸ್ಥೆಯ ತಲೆಗೆ ಕಟ್ಟಿಯಾರು.

ಎಲ್ಲಕ್ಕಿಂತ ಮಿಗಿಲಾದುದು ಆಪತ್ಕಾಲದ ಕರೆ. 2013ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಮಾರ್ಷಲ್ ಪಟ್ಟಣದ ವಸತಿಗೃಹವೊಂದರಲ್ಲಿ ತಾಯಿಯ ಮೇಲೆ ಮಾರಣಾಂತಿಕ ಹಲ್ಲೆ ನಡೆಯುತ್ತಿದ್ದಾಗ, ಒಂಬತ್ತು ವರ್ಷದ ಬಾಲಕಿ 911 ಸಂಖ್ಯೆಯನ್ನು ನಾಲ್ಕು ಬಾರಿ ಒತ್ತಿದಳು. ಕರೆ ಹೋಗಲಿಲ್ಲ. ಹೊರಗಿನ ಕರೆಗೆ ಮೊದಲು 9 ಒತ್ತಬೇಕೆಂಬ ಅಲ್ಲಿನ ಏರ್ಪಾಡು ಆ ಮಗುವಿಗೆ ತಿಳಿದಿರಲಿಲ್ಲ. ತಾಯಿ ಉಳಿಯಲಿಲ್ಲ. ಈ ದುರಂತದ ಫಲವಾಗಿ 2018ರಲ್ಲಿ ಅಲ್ಲಿ ಕಾಯಿದೆಯೊಂದು ಬಂದು, 2020ರ ಫೆಬ್ರವರಿ 16ರಿಂದ ಹೊಸ ಬಹುಸಾಲಿನ ದೂರವಾಣಿ ವ್ಯವಸ್ಥೆಗಳಲ್ಲಿ ಮುನ್ನಂಕಿಯಿಲ್ಲದೆ 911ಕ್ಕೆ ನೇರವಾಗಿ ಕರೆ ಹೋಗಬೇಕೆಂಬ ನಿಯಮ ಜಾರಿಯಾಯಿತು.

ಮಕ್ಕಳು ವಾಸಿಸುವ ಯಾವ ಸಂಸ್ಥೆಗಾದರೂ ಇದು ಪಾಠವಾಗಬೇಕು. ನಮ್ಮ ದೇಶದ ತುರ್ತು ಸಂಖ್ಯೆ 112 ಪ್ರತಿ ಫೋನಿನಿಂದಲೂ ಮುನ್ನಂಕಿಯಿಲ್ಲದೆ ಹೋಗುವುದೇ ಎಂಬುದನ್ನು ಸೇವೆ ಒದಗಿಸುವವರಿಂದ ಖಚಿತಪಡಿಸಿಕೊಳ್ಳಬೇಕು. ವಿದ್ಯಾರ್ಥಿನಿಲಯದ ಫೋನಿನ ಬಳಿ ಆ ಸಂಖ್ಯೆಯನ್ನೂ ಕಟ್ಟಡದ ವಿಳಾಸವನ್ನೂ ದಪ್ಪಕ್ಷರಗಳಲ್ಲಿ ಬರೆದಿಡಬೇಕು. ವಿದ್ಯುತ್ತಿಲ್ಲದಾಗ ಎಷ್ಟು ಹೊತ್ತು ಫೋನು ನಡೆಯುತ್ತದೆಂಬುದನ್ನು ವರ್ಷಕ್ಕೊಮ್ಮೆಯಾದರೂ ಮುಖ್ಯ ಸ್ವಿಚ್ ಆರಿಸಿ ಅಳೆಯಬೇಕು.

ದಾನಿಗಳ ಕಣ್ಣಿಗೆ ಕಾಣುವುದು ಮೇಜಿನ ಮೇಲಿನ ಫೋನು. ಗೋಡೆಯ ಹಿಂದಿನ ಕೇಬಲು, ಮೂಲೆಯ ಸ್ವಿಚ್ಚು, ಬ್ಯಾಟರಿಗಳು ಕಾಣುವುದಿಲ್ಲ. ಆದರೆ ನಡುರಾತ್ರಿಯಲ್ಲಿ ಮಗುವಿನ ಕರೆಯನ್ನು ಹೊತ್ತೊಯ್ಯುವವು ಅವೇ. ಹತ್ತು ಫೋನು ಕೊಡಬಯಸುವವರು ಆರು ಫೋನುಗಳನ್ನು ಕೊಟ್ಟು, ಉಳಿದ ಹಣವನ್ನು ಈ ಕಾಣದ ಸಾಮಗ್ರಿಗೆ ಮೀಸಲಿಟ್ಟರೆ ಆ ಕೊಡುಗೆ ಸಾರ್ಥಕವಾದೀತು.